ಹಳೆಯ 19 ಇಂಚಿನ ಎಲ್‌ಸಿಡಿ ಮಾನಿಟರ್: ವರ್ಷಗಟ್ಟಲೆ ಬಳಸಿದ ಮೇಲೆ

ವಿಜಿಎ ಪೋರ್ಟ್ (ಕಂಪ್ಯೂಟರಿನಿಂದ ಚಿತ್ರ ತರುವ ಹಳೆಯ ಬಗೆಯ ಕಿಂಡಿ) ಮಾತ್ರ ಇರುವ, ಪರದೆಯ ಹಿಂದಿನಿಂದ ಬೆಳಕು ಕೊಡುವ ಸಿಸಿಎಫ್‌ಎಲ್ ಟ್ಯೂಬಿನ, 1440×900 ಪಿಕ್ಸೆಲ್ ಮಾನಿಟರ್. ಟೈಪಿಂಗ್, ಲೆಕ್ಕಪತ್ರದ ಕೆಲಸಕ್ಕೆ ಈಗಲೂ ಧಾರಾಳ ಸಾಕು. ಪ್ಯಾನೆಲ್ ಗಟ್ಟಿ, ಕೈಕೊಡುವುದು ಹೆಚ್ಚಾಗಿ ಕೇಬಲ್, ಇಲ್ಲವೇ ಪವರ್ ಬೋರ್ಡ್. ಪರದೆ ಮಿನುಗಿದ ಮಾತ್ರಕ್ಕೆ ಗುಜರಿಗೆ ಹಾಕಬೇಡಿ.

ಮೊದಲು ಮಾನಿಟರಿನ ಮೆನು ಬಟನ್ ಒತ್ತಿ. ಚಿತ್ರ ನಡುಗುತ್ತಿದ್ದರೂ ಮೆನು ಸ್ಥಿರವಾಗಿದ್ದರೆ ತಪ್ಪು ಕೇಬಲ್ ಅಥವಾ ಕಂಪ್ಯೂಟರಿನದು. ಮೆನುವೂ ಮಿನುಗಿದರೆ ದೋಷ ಮಾನಿಟರಿನ ಒಳಗೇ ಇದೆ.

ಪರದೆಯೆಲ್ಲ ಹಳದಿಯಾದರೆ ನೀಲಿ ಸಿಗ್ನಲ್ ತಪ್ಪಿದೆ, ಅಂದರೆ ವಿಜಿಎ ಕೇಬಲಿನ 3ನೇ ಪಿನ್. ನೇರಳೆಗೆಂಪಾದರೆ ಹಸಿರಿನ 2ನೇ ಪಿನ್. ಬಾಗಿದ ಪಿನ್ ಇದೆಯೇ ನೋಡಿ. 9ನೇ ಪಿನ್ ಎಷ್ಟೋ ಕೇಬಲ್‌ಗಳಲ್ಲಿ ಇರುವುದೇ ಇಲ್ಲ, ಗಾಬರಿ ಬೇಡ. ಅಕ್ಷರದ ಅಂಚು ಮಸುಕಾದರೆ ರೆಸಲ್ಯೂಶನ್ 1440×900ಕ್ಕೇ ಇಟ್ಟು, ಅಕ್ಷರ ತುಂಬಿದ ಬಿಳಿ ಪುಟ ತೆರೆದು ಮಾನಿಟರಿನ ಆಟೋ ಅಡ್ಜಸ್ಟ್ ಒತ್ತಿ, ಅದು ಚಿತ್ರವನ್ನು ತಾನೇ ಹೊಂದಿಸುತ್ತದೆ. ಕಪ್ಪು ವಾಲ್‌ಪೇಪರ್ ಮೇಲೆ ಒತ್ತಿದರೆ ಅದಕ್ಕೆ ಚಿತ್ರದ ಅಂಚೇ ಸಿಗುವುದಿಲ್ಲ.

ಆನ್ ಮಾಡಿದ ಎರಡು ಸೆಕೆಂಡಿಗೆ ಕತ್ತಲಾಗುತ್ತದೆಯೇ? ಟಾರ್ಚ್ ಓರೆಯಾಗಿ ಹಿಡಿಯಿರಿ. ಮಸುಕಾಗಿ ಚಿತ್ರ ಕಂಡರೆ ಕೆಟ್ಟಿರುವುದು ಬೆಳಕು ಮಾತ್ರ: ಟ್ಯೂಬ್ ಅಥವಾ ಅದಕ್ಕೆ ಹೆಚ್ಚಿನ ವೋಲ್ಟ್ ಕೊಡುವ ಒಳಗಿನ ಇನ್ವರ್ಟರ್. ಚಾಲೂ ಆಗಲು ಸತಾಯಿಸುವುದು, ಪವರ್ ಲೈಟ್ ಮಿಟುಕಿಸುವುದು ಬಹುಮಟ್ಟಿಗೆ ಕ್ಯಾಪಾಸಿಟರ್ (ಪವರ್ ಬೋರ್ಡಿನಲ್ಲಿ ವಿದ್ಯುತ್ ಹಿಡಿದಿಡುವ ಡಬ್ಬಿಯಂಥ ಭಾಗ) ಕೆಟ್ಟ ಲಕ್ಷಣ. ಬಿಸಿ ಹೊರಹಾಕುವ ಲೋಹದ ಹೀಟ್‌ಸಿಂಕ್ ಪಕ್ಕದ ಕಾವಿಗೆ ಒಳಗಿನ ದ್ರವ ಆರಿ, ತಲೆ ಉಬ್ಬುತ್ತದೆ. ತಲೆ ಚಪ್ಪಟೆಯಾಗಿದ್ದೂ ಸತ್ತಿರುವುದುಂಟು. ಹಾಗಾಗಿ ಔಟ್‌ಪುಟ್ ಬದಿಯ (ಕಡಿಮೆ ವೋಲ್ಟಿನ ಕಡೆಯ) ಕ್ಯಾಪಾಸಿಟರ್‌ಗಳನ್ನು ಒಟ್ಟಿಗೇ ಬದಲಿಸುವುದು ಲೇಸು.

ಹೊಸ ಕ್ಯಾಪಾಸಿಟರ್‌ನ ಮೈಕ್ರೋಫ್ಯಾರಡ್ (ಹಿಡಿದಿಡುವ ಸಾಮರ್ಥ್ಯ) ಹಳೆಯದರಷ್ಟೇ ಇರಲಿ, ವೋಲ್ಟ್ ಅಷ್ಟೇ ಅಥವಾ ಹೆಚ್ಚು, 105 ಡಿಗ್ರಿಯ ಲೋ ಇಎಸ್‌ಆರ್ (ಒಳರೋಧ ಕಡಿಮೆ ಇರುವ) ಮಾದರಿಯೇ ಬೇಕು. ಎತ್ತರ, ಅಗಲ ಅಳೆದುಕೊಂಡು ಹೋಗಿ, ಬೆಂಗಳೂರಿನವರಿಗೆ ಎಲೆಕ್ಟ್ರಾನಿಕ್ ಬಿಡಿಭಾಗ ಸಿಗುವ ಎಸ್.ಪಿ. ರಸ್ತೆ ಇದೆ. ಪಟ್ಟಿ ಇರುವ ಕಾಲು ನೆಗೆಟಿವ್, ತಿರುವುಮುರುವಾದರೆ ಸಿಡಿಯುತ್ತದೆ.

ಮುಚ್ಚಳ ತೆಗೆಯುವ ಮುನ್ನ ಪ್ಲಗ್ ಕಿತ್ತಿಡಿ. 230 ವೋಲ್ಟ್ ಲೈನಿನಲ್ಲಿ ದೊಡ್ಡ ಕ್ಯಾಪಾಸಿಟರ್ ಸುಮಾರು 325 ವೋಲ್ಟ್ ಹಿಡಿದಿಟ್ಟುಕೊಳ್ಳುತ್ತದೆ, ಪ್ಲಗ್ ಕಿತ್ತ ಮೇಲೂ ಅದು ಉಳಿದಿರಬಹುದು. ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡಲೇಬೇಡಿ. 10 ಕಿಲೋ ಓಮ್, 5 ವಾಟ್ ರೆಸಿಸ್ಟರ್‌ನಿಂದ ಆ ವೋಲ್ಟ್ ಇಳಿಸಿ, ಮಲ್ಟಿಮೀಟರಿನಲ್ಲಿ ಖಾತ್ರಿ ಮಾಡಿಕೊಂಡೇ ಕೈ ಹಾಕಿ. ಈ ಕೆಲಸ ಗೊತ್ತಿಲ್ಲದವರು ಮೆಕ್ಯಾನಿಕ್‌ಗೆ ಕೊಡಿ.

ಮೆನುವನ್ನೂ ಸೀಳುವ ಕದಲದ ಉದ್ದಗೆರೆ ಮಾತ್ರ ಬೇರೆ ವಿಷಯ. ಅಂಚು ಒತ್ತಿದಾಗ ಗೆರೆ ಬಂದು ಹೋಗುತ್ತಿದ್ದರೆ ಪ್ಯಾನೆಲಿನ ಗಾಜಿಗೆ ಅಂಟಿಸಿದ ತೆಳು ರಿಬ್ಬನ್ ಕೇಬಲ್ ಅಂಟು ಬಿಟ್ಟಿದೆ. ಅದಕ್ಕೆ ಮನೆಯಲ್ಲಿ ಮದ್ದಿಲ್ಲ, ದುಡ್ಡು ಸುರಿಯಬೇಡಿ. ಉಳಿದ ದೋಷಗಳಿಗಾದರೆ ರಿಪೇರಿ ಧೈರ್ಯವಾಗಿ ಮಾಡಿಸಬಹುದು. 5ರಲ್ಲಿ 4 ಅಂಕ.