ಎಸೆನ್ಸು, ಹಿತ್ತಲ ವೆನಿಲ್ಲಾ, ಏಲಕ್ಕಿ: ಯಾವ ಕೇಕಿಗೆ ಯಾವುದು?

ಮೂಡಿಗೆರೆ ಕಡೆ ಮನೆಯಲ್ಲೇ ಕೇಕ್ ಮಾಡಿ ಕೊಡುವ ನಮ್ಮಂಥವರಿಗೆ ಒಂದು ಅನುಕೂಲ ಇದೆ. ಪರಿಮಳಕ್ಕೆ ಬೇಕಾದ ಏಲಕ್ಕಿ, ವೆನಿಲ್ಲಾ ಎರಡೂ ಇಲ್ಲಿನ ತೋಟಗಳಲ್ಲೇ ಬೆಳೆಯುತ್ತವೆ. ವೆನಿಲ್ಲಾ ಎಸೆನ್ಸಿನ ಬಾಟಲಿಯಂತೂ ಯಾವ ದಿನಸಿ ಅಂಗಡಿಗೆ ಹೋದರೂ ಸಿಗುತ್ತದೆ. ಹಾಗಿದ್ದೂ ಹೆಚ್ಚಿನವರು ಯೋಚನೆಯನ್ನೇ ಮಾಡದೆ ಬಾಟಲಿಗೆ ಕೈ ಹಾಕುತ್ತೇವೆ. ಇನ್ನು ಕೆಲವರು ಈಚೆಗೆ "ನ್ಯಾಚುರಲ್ ವೆನಿಲ್ಲಾ" ಅಂತ ಹೇಳಿ ಅದೇ ಕೇಕಿಗೆ ಜಾಸ್ತಿ ದುಡ್ಡು ತಗೊಳ್ಳುತ್ತಾರೆ. ಆ ಜಾಸ್ತಿ ದುಡ್ಡಿಗೆ ತಿನ್ನುವವರ ನಾಲಿಗೆಗೆ ಏನಾದರೂ ಸಿಗುತ್ತದೋ ಇಲ್ಲವೋ ಅಂತ ನನಗೆ ಬಹಳ ದಿನದಿಂದ ಅನುಮಾನ.

ಅದಕ್ಕೇ ಒಂದೇ ಹದದ ಹಿಟ್ಟು ಕಲಸಿ, ಮೂರು ಪಾಲು ಮಾಡಿ, ಒಂದೊಂದಕ್ಕೆ ಒಂದೊಂದು ಪರಿಮಳ ಹಾಕಿ, ಒಂದೇ ಓಟಿಜಿಯಲ್ಲಿ (ಮನೆಯ ಸಣ್ಣ ಕರೆಂಟಿನ ಓವನ್ನಿನಲ್ಲಿ) ಒಟ್ಟಿಗೆ ಬೇಯಿಸಿ ನೋಡುತ್ತಾ ಬಂದೆ. ಅಳತೆ ಎಲ್ಲರಿಗೂ ಗೊತ್ತಿರುವುದೇ: ಮೈದಾ, ಬೆಣ್ಣೆ, ಸಕ್ಕರೆ ತಲಾ 150 ಗ್ರಾಂ, ಮೊಟ್ಟೆ ಮೂರು. ಬೇಕಿಂಗ್ ಪೌಡರ್ ಮಾತ್ರ ಸಾಮಾನ್ಯವಾಗಿ ಹೇಳುವುದಕ್ಕಿಂತ ಒಂದು ಚಿಟಿಕೆ ಕಮ್ಮಿ. ನಾವಿರುವುದು ಸಮುದ್ರಮಟ್ಟದಿಂದ ಸಾವಿರ ಮೀಟರ್ ಆಸುಪಾಸಿನಲ್ಲಿ. ಗಾಳಿಯ ಒತ್ತಡ ಕಮ್ಮಿ ಇರುವುದರಿಂದ ಹಿಟ್ಟು ಬೇಗ ಉಬ್ಬಿ ನಡುವೆ ಕುಸಿಯುತ್ತದೆ. ಪೌಡರ್ ಜಾಸ್ತಿಯಾದರೆ ಸೋಪು ನೆಕ್ಕಿದ ಹಾಗೆ ಒಂದು ರುಚಿ ಉಳಿಯುತ್ತದೆ, ಅದರ ಮುಂದೆ ಯಾವ ಪರಿಮಳವೂ ನಿಲ್ಲುವುದಿಲ್ಲ. ತಟ್ಟೆಗಳ ತಳಕ್ಕೆ ಮಾರ್ಕರಿನಲ್ಲಿ ಗುರುತು ಹಾಕಿ, ಯಾವುದರಲ್ಲಿ ಏನಿದೆ ಅಂತ ಬಾಯಿ ಬಿಡದೆ, ಮನೆಯವರಿಗೂ ಪಕ್ಕದ ಎಸ್ಟೇಟಿನ ಕಾರ್ಮಿಕರ ಲೈನ್‌ಮನೆ ಮಕ್ಕಳಿಗೂ ಕೊಟ್ಟೆ.

ಸಾದಾ ಬೆಣ್ಣೆ ಕೇಕಿನಲ್ಲಿ ಗೆದ್ದದ್ದು ಎಸೆನ್ಸು. ಅದೂ ಸುಮ್ಮನೆ ಅಲ್ಲ, ಭರ್ಜರಿಯಾಗಿ. ನಮ್ಮತ್ತೆ ಮೂರನ್ನೂ ಒಂದೊಂದು ಚೂರು ಬಾಯಿಗೆ ಹಾಕಿಕೊಂಡು ಹೇಳಿದ ಮಾತು ಇದು: "ಇದು ಕಣೇ ಕೇಕು. ಅದೊಂದು ಸಪ್ಪೆ. ಇನ್ನೊಂದು ಪಾಯಸ ಇದ್ದಂಗಿದೆ." ಸಪ್ಪೆ ಅಂದದ್ದು ನಾನು ತಿಂಗಳುಗಟ್ಟಲೆ ಹದ ಮಾಡಿದ ವೆನಿಲ್ಲಾಕ್ಕೆ!

ಯೋಚಿಸಿದರೆ ಅವರ ಮಾತಿನಲ್ಲಿ ತಪ್ಪೇನಿಲ್ಲ. ನಮಗೆಲ್ಲ ಕೇಕ್ ಅಂದರೆ ಬೇಕರಿ. ಹಾಸನ ಕಡೆಯ ಅಯ್ಯಂಗಾರರು ಬೆಂಗಳೂರಿಗೆ ಹೋಗಿ ಬೇಕರಿ ಇಡಲು ಶುರುಮಾಡಿದ್ದು 1898ರಲ್ಲಿ, ಚಿಕ್ಕಪೇಟೆಯಲ್ಲಿ. ಆಮೇಲೆ ಅದು ಕರ್ನಾಟಕದ ಊರೂರಿಗೂ ಬಂತು. ಬಸ್ ಸ್ಟ್ಯಾಂಡ್ ಪಕ್ಕದ ಬೇಕರಿಯ ಗಾಜಿನ ಪೆಟ್ಟಿಗೆ ತೆಗೆದಾಗ ಗಪ್ಪೆಂದು ಬರುತ್ತಿದ್ದ ಆ ವಾಸನೆಯೇ ನಮ್ಮ ಪಾಲಿಗೆ ಕೇಕಿನ ವಾಸನೆ. ಅದು ಎಸೆನ್ಸಿನದು. ಅಳೆಯುವ ಕೋಲೇ ಎಸೆನ್ಸಾದಾಗ ಅಸಲಿ ವೆನಿಲ್ಲಾ ಸಪ್ಪೆ ಅನ್ನಿಸದೆ ಇನ್ನೇನು?

ಬಾಟಲಿಯೊಳಗೆ ಇರುವುದು ಬಹುಪಾಲು ವೆನಿಲಿನ್ ಎಂಬ ಒಂದೇ ವಸ್ತು, ಅದನ್ನು ಕರಗಿಸಿದ ದ್ರವ, ಜೊತೆಗೆ ಒಂದಿಷ್ಟು ಕಂದು ಬಣ್ಣ. 1874ರಲ್ಲೇ ಜರ್ಮನಿಯ ಟೀಮನ್ ಮತ್ತು ಹಾರ್ಮನ್ ಇದನ್ನು ಪೈನ್ ಜಾತಿಯ ಮರಗಳಲ್ಲಿ ಸಿಗುವ ವಸ್ತುವಿನಿಂದ ತಯಾರಿಸಿದ್ದರು. ಈಗ ಹೆಚ್ಚಿನದು ಪೆಟ್ರೋಲಿಯಂ ಮೂಲದಿಂದ ಬರುತ್ತದೆ. ಹಾಗೆಂದ ಕೂಡಲೇ ಮುಖ ಸಿಂಡರಿಸಬೇಕಾಗಿಲ್ಲ, ವೆನಿಲ್ಲಾ ಬಳ್ಳಿಯ ಕಾಯಿ, ಅಂದರೆ ಕೋಡಿನಲ್ಲಿರುವ ವೆನಿಲಿನ್ನೂ ಇದೂ ಒಂದೇ ಅಣು. ಕೋಡಿನಲ್ಲಿ ಅದರ ಜೊತೆಗೆ ಇನ್ನೂ ನೂರಾರು ಪರಿಮಳದ ವಸ್ತುಗಳು ಚೂರುಚೂರು ಇರುತ್ತವೆ, ಬಾಟಲಿಯಲ್ಲಿ ಇದೊಂದೇ. ಅದಕ್ಕೇ ಎಸೆನ್ಸಿಗೆ ಜೋರು ಜಾಸ್ತಿ, ಆಳ ಕಮ್ಮಿ. ಅರ್ಧ ಚಮಚಕ್ಕಿಂತ ಹೆಚ್ಚು ಬಿದ್ದರೆ ಕೊನೆಗೆ ನಾಲಿಗೆಯ ಹಿಂಭಾಗದಲ್ಲಿ ಕಹಿ ಉಳಿಯುತ್ತದೆ.

ಇನ್ನು ಹಿತ್ತಲ ವೆನಿಲ್ಲಾ. 2000ನೇ ಇಸವಿಯ ಏಪ್ರಿಲ್‌ನಲ್ಲಿ ಹುಡಾ ಎಂಬ ಚಂಡಮಾರುತ ಮಡಗಾಸ್ಕರಿನ ವೆನಿಲ್ಲಾ ಸೀಮೆಗೆ ಬಡಿಯಿತು. ಜಗತ್ತಿಗೆ ವೆನಿಲ್ಲಾ ಕೊಡುವುದರಲ್ಲಿ ಅವರೇ ಮುಂದು. ಅಲ್ಲಿ ಫಸಲು ಹೋದಂತೆ ಇಲ್ಲಿ ದರ ಏರಿತು. 2003ರ ಹೊತ್ತಿಗೆ ಹಸಿ ಕೋಡಿಗೇ ಕಿಲೋಗೆ ಸಾವಿರಗಟ್ಟಲೆ. ಮಲೆನಾಡಿನಲ್ಲಿ ಗೊಬ್ಬರದ ಗಿಡ, ಹಾಲುವಾಣ, ಅಡಿಕೆ ಸಾಲು, ಎಲ್ಲಿ ನೋಡಿದರೂ ವೆನಿಲ್ಲಾ ಬಳ್ಳಿ. ರಾತ್ರಿ ಕಾವಲು, ನಾಯಿ, ಟಾರ್ಚು. ಒಂದೆರಡು ವರ್ಷಕ್ಕೆ ದರ ನೆಲ ಕಚ್ಚಿತು, ಜೊತೆಗೆ ಬೇರು ಕೊಳೆಯುವ ರೋಗವೂ ಬಂತು. ನಮ್ಮ ಮಾವ ಬಳ್ಳಿ ಕಿತ್ತು ಕಾಫಿಗೇ ವಾಪಸ್ ಬಂದರು. ಹಿತ್ತಲ ಹಾಲುವಾಣಕ್ಕೆ ಹಬ್ಬಿದ್ದನ್ನು ಮಾತ್ರ ಯಾರೂ ಮುಟ್ಟಲಿಲ್ಲ, ಅದೇ ಈಗ ನನ್ನದು.

ಇದನ್ನು ಪುಕ್ಕಟೆ ಅಂದುಕೊಂಡರೆ ಕೆಟ್ಟಿರಿ. ಕಾಫಿ ಕೊಯ್ಲು ಮುಗಿಯುವ ಸಮಯಕ್ಕೆ ತಿಳಿಹಸಿರು ಹೂ ಬೆಳಗ್ಗೆ ಅರಳಿ ಮಧ್ಯಾಹ್ನಕ್ಕೆ ಬಾಡುತ್ತದೆ. ಮೆಕ್ಸಿಕೋ ಮೂಲದ ಗಿಡ, ನಮ್ಮ ಜೇನು ಅದರ ತಂಟೆಗೇ ಹೋಗುವುದಿಲ್ಲ. 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಗುಲಾಮನಾಗಿದ್ದ ಎಡ್ಮಂಡ್ ಆಲ್ಬಿಯಸ್ ಎಂಬ ಹನ್ನೆರಡು ವರ್ಷದ ಹುಡುಗ ಕಂಡುಹಿಡಿದ ಉಪಾಯವನ್ನೇ ಎಲ್ಲರೂ ಇವತ್ತಿಗೂ ಮಾಡುವುದು. ಹೂವಿನ ಕೊಳವೆಯಂಥ ಎಸಳನ್ನು ಸೀಳಿ, ಹಿಡಿಕಡ್ಡಿಯ ಚೂಪಿನಿಂದ ಒಳಗಿನ ತೆಳು ಪೊರೆಯನ್ನು ಮೇಲೆತ್ತಿ, ಹೆಬ್ಬೆರಳಿನಲ್ಲಿ ಪರಾಗದ ಮುದ್ದೆಯನ್ನು ಕೆಳಕ್ಕೆ ಒತ್ತಬೇಕು. ಕೈ ಕುದುರಿದ ಮೇಲೆ ಕಷ್ಟವೇನಿಲ್ಲ. ಆದರೆ ಆರ್ಡರ್ ಇರುವ ದಿನ ಬೆಳಗ್ಗೆ ಎಂಟು ಗಂಟೆಗೆ ಓಟಿಜಿ ಬಿಟ್ಟು ಏಣಿ ಹತ್ತಬೇಕು, ಅದೇ ರಗಳೆ. ಒಂದು ಗೊಂಚಲಿಗೆ ಎಂಟು ಹತ್ತು ಹೂವಿಗೆ ಮಾತ್ರ ಮಾಡಿ, ಉಳಿದದ್ದನ್ನು ಬಿಟ್ಟುಬಿಡಿ. ಎಲ್ಲಕ್ಕೂ ಮಾಡಿದರೆ ಕೋಡು ಸಣ್ಣಗಾಗುತ್ತದೆ, ಬಳ್ಳಿಯೂ ಸೊರಗುತ್ತದೆ.

ಒಂಬತ್ತು ತಿಂಗಳು ಕಾದು ಕೊಯ್ದ ಹಸಿ ಕೋಡನ್ನು ಮೂಸಿ ನೋಡಿ, ಬೀನ್ಸಿಗಿಂತ ಹೆಚ್ಚೇನೂ ವಾಸನೆ ಇಲ್ಲ. ವೆನಿಲಿನ್ ಸಕ್ಕರೆಯ ಅಂಶಕ್ಕೆ ಅಂಟಿಕೊಂಡು ಕೂತಿರುತ್ತದೆ, ಅದನ್ನು ಬಿಡಿಸುವುದೇ ಹದ ಮಾಡುವ ಕೆಲಸ. 63ರಿಂದ 65 ಡಿಗ್ರಿ ನೀರಿನಲ್ಲಿ ಸುಮಾರು ಮೂರು ನಿಮಿಷ ಅದ್ದಬೇಕು. ನಮ್ಮ ಕಡೆ ಚಳಿಗಾಲದ ತಣ್ಣೀರಾದರೆ, ಮೂರು ಲೋಟ ಕುದಿ ನೀರಿಗೆ ಎರಡು ಲೋಟ ತಣ್ಣೀರು ಬೆರೆಸಿದರೆ ಹೆಚ್ಚುಕಮ್ಮಿ ಆ ಬಿಸಿಗೇ ಬರುತ್ತದೆ. ಥರ್ಮಾಮೀಟರ್ ಇದ್ದರೆ ಒಳ್ಳೆಯದು. ಕೂಡಲೇ ಒರೆಸಿ, ದಪ್ಪ ಬಟ್ಟೆಯಲ್ಲಿ ಸುತ್ತಿ, ಚಪಾತಿಯ ಹಾಟ್‌ಬಾಕ್ಸಿನಲ್ಲಿ ಮುಚ್ಚಿಡುತ್ತೇನೆ. ಎರಡನೇ ದಿನ ತೆಗೆದಾಗ ಹಸಿರು ಹೋಗಿ ಕಾಫಿ ಬಣ್ಣ ಬಂದಿರುತ್ತದೆ, ಮೈಯೆಲ್ಲ ಬೆವರು. ಆಮೇಲೆ ಒಂದು ವಾರ ದಿನಕ್ಕೆ ಎರಡು ಮೂರು ತಾಸು ಕಂಬಳಿಯ ಮೇಲೆ ಬಿಸಿಲಿಗೆ ಹರಡಿ, ಬಿಸಿ ಇರುವಾಗಲೇ ಸುತ್ತಿ ಒಳಗಿಡಬೇಕು. ಮುಂದೆ ಎರಡು ಮೂರು ವಾರ ನೆರಳಿನಲ್ಲಿ ಒಣಗಿಸಿ, ಡಬ್ಬಿಯಲ್ಲಿ ಮೂರು ತಿಂಗಳು ಮಾಗಿಸಬೇಕು. ಬೆರಳಿಗೆ ಸುತ್ತಿದರೆ ಮುರಿಯದೆ ಬಾಗಬೇಕು, ಮೈ ಎಣ್ಣೆ ಸವರಿದಂತೆ ಹೊಳೆಯಬೇಕು. ನಮ್ಮ ಥಂಡಿಗೆ ಬೂಷ್ಟು ಬೇಗ ಹಿಡಿಯುತ್ತದೆ. ಬಿಳಿ ಹತ್ತಿಯಂಥದ್ದು ಒಂದರ ಮೇಲೆ ಕಂಡರೂ ಅದನ್ನು ಆಚೆಗೆ ಎಸೆದು ಉಳಿದವನ್ನು ಮತ್ತೆ ಬಿಸಿಲಿಗೆ ಹಾಕಬೇಕು. ಐದಾರು ಕಿಲೋ ಹಸಿ ಕೋಡಿಗೆ ಹದವಾದದ್ದು ಒಂದು ಕಿಲೋ ಸಿಕ್ಕರೆ ಪುಣ್ಯ.

ಹೀಗೆ ಬಂದ ಕೋಡನ್ನು ಉದ್ದಕ್ಕೆ ಸೀಳಿ ರಮ್ಮಿನಲ್ಲಿ ನೆನೆಹಾಕುತ್ತೇನೆ, ಲೀಟರಿಗೆ ನೂರು ಗ್ರಾಂ ಲೆಕ್ಕ. ನಮ್ಮಲ್ಲಿ ಸಿಗುವ ರಮ್ಮು, ವೋಡ್ಕಾ ಎರಡೂ 42.8 ಶೇಕಡಾ ಆಲ್ಕೋಹಾಲಿನವು, ಪರಿಮಳ ಎಳೆಯಲು ಅಷ್ಟು ಸಾಕು. ವೋಡ್ಕಾದಲ್ಲಿ ವೆನಿಲ್ಲಾ ಸ್ವಚ್ಛವಾಗಿ ಬರುತ್ತದೆ, ರಮ್ಮಿನಲ್ಲಿ ಬೆಲ್ಲದ ಛಾಯೆ ಸೇರುತ್ತದೆ. ನನಗೆ ರಮ್ಮಿನದೇ ಇಷ್ಟ.

ಇಷ್ಟೆಲ್ಲ ಮಾಡಿದ್ದು ಕೇಕಿನಲ್ಲಿ ಸಪ್ಪೆ ಆಯಿತಲ್ಲ, ಯಾಕೆ? ಓವನ್ನಿನ ಶಾಖಕ್ಕೆ ಕೇಕಿನಿಂದ ಹೊರಡುವ ಹಬೆಯ ಜೊತೆಗೇ ಹಗುರವಾದ ಪರಿಮಳಗಳೆಲ್ಲ ಹೊರಟುಹೋಗುತ್ತವೆ. ಅಡುಗೆಮನೆ ಘಮ್ ಅನ್ನುತ್ತಿದೆ ಅಂದರೆ ಅಷ್ಟು ಕೇಕಿನಿಂದ ಖರ್ಚಾಯಿತು ಅಂತಲೇ ಲೆಕ್ಕ. ಸುಲಭಕ್ಕೆ ಆರದೆ ಕೊನೆಗೆ ನಿಲ್ಲುವುದು ಮುಖ್ಯವಾಗಿ ವೆನಿಲಿನ್, ಅದು ಎಸೆನ್ಸಿನಲ್ಲೂ ಇದೆ, ಅಲ್ಲಿ ಧಾರಾಳವಾಗಿಯೇ ಇದೆ. ತೆಳ್ಳಗಿನ ಬಿಸ್ಕತ್ತಿನಲ್ಲಿ ಇದು ಇನ್ನೂ ಜಾಸ್ತಿ. ಬಿಸ್ಕತ್ತಿಗೆ ಅಸಲಿ ವೆನಿಲ್ಲಾ ಹಾಕುವುದು ದಂಡ ಅಂತ ನಾನು ಸ್ಪಷ್ಟವಾಗಿ ಹೇಳುತ್ತೇನೆ. ಚಾಕೊಲೇಟ್ ಕೇಕಿನಲ್ಲೂ ಅಷ್ಟೇ, ಕೋಕೋ ಮುಂದೆ ಎರಡರ ಗುರುತೂ ಯಾರಿಗೂ ಸಿಕ್ಕಲಿಲ್ಲ.

ಕಸ್ಟರ್ಡಿಗೆ ಬಂದರೆ ಕಥೆ ತಿರುಗಿತು. ಹಾಲು, ಮೊಟ್ಟೆಯ ಹಳದಿ, ಸಕ್ಕರೆ ಸಣ್ಣ ಉರಿಯಲ್ಲಿ ಕದಡಿ ಇಳಿಸಿದ ಮೇಲೆ ಹಾಕಿದ ಎಸೆನ್ಸು ಮೊದಲ ಚಮಚಕ್ಕೆ ಜೋರಾಗಿ ಬಂದು, ಮೂರನೆಯದಕ್ಕೆ ಔಷಧಿ ವಾಸನೆ ಅನ್ನಿಸಿತು. ಸೀಳಿದ ಕೋಡನ್ನು ಹಾಲಿನಲ್ಲೇ ಬಿಸಿ ಮಾಡಿ, ಕರಿ ಎಳ್ಳಿಗಿಂತಲೂ ಸಣ್ಣ ಬೀಜಗಳನ್ನು ಚಾಕುವಿನ ಬೆನ್ನಿನಲ್ಲಿ ಹೆರೆದು ಹಾಕಿದ ಬಟ್ಟಲು ಮಾತ್ರ ಕೊನೆಯ ಚಮಚದವರೆಗೂ ಘಮ ಬಿಡಲಿಲ್ಲ. ಲೈನ್‌ಮನೆಯ ಹುಡುಗಿ ಒಬ್ಬಳು "ಆಂಟಿ, ಇದಕ್ಕೆ ಬೆಲ್ಲ ಹಾಕಿದ್ರಾ?" ಅಂದಳು. ಹಾಕಿರಲಿಲ್ಲ. ಐಸ್‌ಕ್ರೀಂ, ಕೇಕ್ ಮೇಲಿನ ಕ್ರೀಮು, ಪುಡ್ಡಿಂಗು, ಹೀಗೆ ಓವನ್ನಿನ ಒಣ ಶಾಖ ತಾಗದ ಹಾಲು ಬೆಣ್ಣೆಯ ತಿನಿಸುಗಳಿಗೆಲ್ಲ ಅಸಲಿಯೇ ಸರಿ. ಕೊಬ್ಬು ಪರಿಮಳವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗಂತ ಹಾಲುಬಾಯಿಗೂ ಹಾಕಿ ನೋಡಿದೆ. ಬೆಲ್ಲ, ತೆಂಗಿನಕಾಯಿಯ ನಡುವೆ ಅದು ಎಲ್ಲಿ ಹೋಯಿತೋ ಪತ್ತೆ ಇಲ್ಲ, ಹಾಲುಬಾಯಿಗೆ ಏಲಕ್ಕಿಯೇ.

ಏಲಕ್ಕಿ ಗಿಡ ಕಟ್ಟೆ ಎಂಬ ವೈರಸ್ ರೋಗಕ್ಕೆ ಬಲಿಯಾಗಿ ನಮ್ಮ ಕಡೆ ಎಷ್ಟೋ ತೋಟಗಳಿಂದ ಹೋಗೇ ಬಿಟ್ಟಿದೆ. ಮೂಡಿಗೆರೆಯ ಸಂಶೋಧನಾ ಕೇಂದ್ರದಿಂದ ಬಂದ ಮೂಡಿಗೆರೆ-1 ತಳಿಯ ನಾಲ್ಕು ಬುಡ ನಮ್ಮ ಹಳ್ಳದ ಬದಿ ಇದೆ, ಮನೆ ಖರ್ಚಿಗೆ ಸಾಲುತ್ತದೆ. ಕೇಕಿನಲ್ಲಿ ಇದರ ಗುಣ ವೆನಿಲ್ಲಾಕ್ಕೆ ಪೂರ್ತಿ ಉಲ್ಟಾ. ಬೇಯುವಾಗ ಕರ್ಪೂರದಂಥ ಮೊದಲ ಘಾಟು ಹಾರಿಹೋಗಿ, ಹಿಂದಿನ ಸಿಹಿ ಪರಿಮಳ ಉಳಿಯುತ್ತದೆ. ಅಂದರೆ ಬೆಂದ ಮೇಲೆ ಹಸನಾಗುತ್ತದೆ. ಮಾರನೇ ದಿನ ಇನ್ನೂ ಚೆನ್ನ.

ಅಂಗಡಿಯ ಏಲಕ್ಕಿ ಪುಡಿ ಮಾತ್ರ ಬೇಡ, ಡಬ್ಬಿ ಒಡೆದ ವಾರಕ್ಕೇ ಅದು ಬರೀ ಧೂಳು. ಮೇಲೆ ಹೇಳಿದ ಅಳತೆಗೆ ಆರೇಳು ಕಾಯಿ ಬಿಡಿಸಿ, ಕಪ್ಪು ಬೀಜವನ್ನು ಒಂದು ಚಮಚ ಸಕ್ಕರೆಯ ಜೊತೆ ಕುಟ್ಟಾಣಿಯಲ್ಲಿ ಆಗಿಂದಾಗ್ಗೆ ಕುಟ್ಟಿ, ಬೆಣ್ಣೆ ನಾದುವಾಗಲೇ ಸೇರಿಸಿ. ಮೈದಾ ಜೊತೆ ಹಾಕಿದರೆ ಅಷ್ಟು ಬರುವುದಿಲ್ಲ. ಸಿಪ್ಪೆ ಟೀ ಪುಡಿ ಡಬ್ಬಿಗೆ.

ಮೊಟ್ಟೆ ಹಾಕದ ರವೆ ಮೊಸರಿನ ಕೇಕಿನಲ್ಲಿ ಏಲಕ್ಕಿ ಉಳಿದೆರಡನ್ನೂ ಮೂಲೆಗೆ ಕೂರಿಸಿತು. ಕಳಿತ ಬಾಳೆಹಣ್ಣು, ಬೆಲ್ಲ, ಗೋಧಿ ಹಿಟ್ಟು ಇದ್ದಲ್ಲೂ ಅದರದೇ ದರ್ಬಾರು. ಡಿಕಾಕ್ಷನ್ ಹಾಕಿದ ಕಾಫಿ ಕೇಕಿಗೆ ಎರಡು ಕಾಯಿ ಸಾಕು, ಬಹಳ ಹೊಂದುತ್ತದೆ. ಚಾಕೊಲೇಟಿಗೂ ಅದಕ್ಕೂ ಮಾತ್ರ ಜಗಳ. ಪಾಯಸದ ನೆನಪು ಬರುತ್ತದೆ ಅನ್ನುವವರಿಗೆ ನನ್ನ ಬಳಿ ಉತ್ತರ ಇಲ್ಲ, ಬರುವುದು ಹೌದು. ಹುಟ್ಟುಹಬ್ಬದ ಕೇಕಿಗೆ ಮಕ್ಕಳು ಅದನ್ನು ಒಪ್ಪುವುದೂ ಇಲ್ಲ.

ಮೊಟ್ಟೆ ವಾಸನೆ ಮುಚ್ಚುವ ವಿಷಯದಲ್ಲಿ ಎಸೆನ್ಸು, ಏಲಕ್ಕಿ ಸಮಸಮ. ಅಸಲಿ ವೆನಿಲ್ಲಾ ಸ್ವಲ್ಪ ಹಿಂದೆ. ಖರ್ಚಿನ ಲೆಕ್ಕ ಕೇಳಿದರೆ, ಒಂದು ಕೇಕಿಗೆ ಎಸೆನ್ಸು ಚಿಲ್ಲರೆ ಕಾಸು, ಏಲಕ್ಕಿ ನಾಲ್ಕೈದು ರೂಪಾಯಿ, ವೆನಿಲ್ಲಾಕ್ಕೆ ನನ್ನ ಕೂಲಿ ಹಿಡಿದರೆ ಲೆಕ್ಕ ಹಾಕದಿರುವುದೇ ವಾಸಿ. ಪೂಜೆಗೆ, ವ್ರತಕ್ಕೆ ಅಂತ ಕೇಕ್ ಕೇಳುವವರಿಗೆ ರಮ್ಮಿನ ಸಂಗತಿ ಮೊದಲೇ ಹೇಳಿಬಿಡುತ್ತೇನೆ. "ಅಯ್ಯೋ ಅಕ್ಕ, ಬೇಡ" ಅಂದರೆ ಏಲಕ್ಕಿ.

ಈಗ ನಾನು ಮಾಡುವುದು ಹೀಗೆ. ಚಾಕೊಲೇಟ್ ಕೇಕಿಗೂ ಬಿಸ್ಕತ್ತಿಗೂ ಎಸೆನ್ಸು, ಸಾದಾ ಕೇಕಿಗೂ ಮಕ್ಕಳಿದ್ದರೆ ಅದೇ, ಅದಕ್ಕೆ ಜಾಸ್ತಿ ದುಡ್ಡಿಲ್ಲ. ರವೆ, ಬಾಳೆಹಣ್ಣು, ಬೆಲ್ಲದ್ದಕ್ಕೆ ಏಲಕ್ಕಿ. ಅಸಲಿ ವೆನಿಲ್ಲಾ ಕಸ್ಟರ್ಡು ತುಂಬಿದ್ದಕ್ಕೆ, ಕ್ರೀಮಿಗೆ ಮಾತ್ರ, ಜಾಸ್ತಿ ತಗೊಳ್ಳುವುದೂ ಅಲ್ಲಿ ಮಾತ್ರ. ರಮ್ಮಿನಿಂದ ತೆಗೆದ ಕೋಡನ್ನು ಒಣಗಿಸಿ ಸಕ್ಕರೆ ಡಬ್ಬಿಯಲ್ಲಿ ಹೂತಿಟ್ಟರೆ ಇನ್ನೂ ಕೆಲವು ತಿಂಗಳು ಕೆಲಸಕ್ಕೆ ಬರುತ್ತದೆ. ಆ ಸಕ್ಕರೆಯನ್ನು ಹಿಟ್ಟಿಗೆ ಕಲಸಬೇಡಿ, ಬೆಂದು ಆರಿದ ಕೇಕಿನ ಮೇಲೆ ಉದುರಿಸಿ.