ಮೂರು ಗಂಟೆ ಅತ್ತರೂ ಕಾಣದ ಸಂಸಾರ

2006ರಲ್ಲಿ ಹಿಂದಿ ಸಿನಿಮಾ ‘ಕಭಿ ಅಲ್ವಿದಾ ನಾ ಕೆಹನಾ’ ಬಂದಾಗ ನನ್ನ ಮದುವೆಯಾಗಿ ಒಂದೂವರೆ ವರ್ಷ. ಅದರ ‘ಮಿತ್ವಾ’ ಹಾಡು ಗುನುಗುತ್ತಲೇ ಥಿಯೇಟರಿನಿಂದ ಹೊರಬಂದಿದ್ದೆ. ಹೋದ ಭಾನುವಾರ ಮತ್ತೆ ನೋಡಿದೆ. ಮೂರು ಗಂಟೆಗೂ ಮೀರಿದ ಸಿನಿಮಾ. ಮುಗಿಯುವ ಹೊತ್ತಿಗೆ ಬೇಸರಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು.

ನಿರ್ದೇಶಕ ಕರಣ್ ಜೋಹರ್ ಎತ್ತಿಕೊಂಡ ವಿಷಯ ಸಣ್ಣದಲ್ಲ. ನ್ಯೂಯಾರ್ಕಿನ ಎರಡು ಸಂಸಾರ. ಕಾಲು ಊನವಾಗಿ ಫುಟ್‌ಬಾಲ್ ಬಿಟ್ಟ ದೇವ್ (ಶಾರುಖ್ ಖಾನ್), ಮ್ಯಾಗಜಿನ್ ಕೆಲಸದಲ್ಲಿ ಮೇಲೇರುತ್ತಿರುವ ಹೆಂಡತಿ ರಿಯಾ (ಪ್ರೀತಿ ಜಿಂಟಾ). ಅತ್ತ ಟೀಚರ್ ಮಾಯಾ (ರಾಣಿ ಮುಖರ್ಜಿ), ಅವಳಿಗಾಗಿ ಜೀವ ಬಿಡುವ ಗಂಡ ರಿಷಿ (ಅಭಿಷೇಕ್ ಬಚ್ಚನ್). ಹೊಡೆಯುವ ಗಂಡನಿಲ್ಲ, ಕಾಡುವ ಅತ್ತೆಯಿಲ್ಲ, ಆದರೂ ಮದುವೆ ಒಣಗಿದೆ. ದೊಡ್ಡ ಸ್ಟಾರ್‌ಗಳನ್ನಿಟ್ಟುಕೊಂಡು ಇದನ್ನು ಹೇಳಲು ಆಗ ಧೈರ್ಯ ಬೇಕಿತ್ತು, ಒಪ್ಪುತ್ತೇನೆ.

ಆದರೆ ಒಣಗಿದ್ದು ಹೇಗೆ ಅಂತ ತೋರಿಸಬೇಕಲ್ಲ! ನಮ್ಮ ಚಿಕ್ಕಮ್ಮ ಚಿಕ್ಕಪ್ಪ ಒಂದೇ ಮನೆಯಲ್ಲಿದ್ದೂ ವರ್ಷಗಟ್ಟಲೆ ಮಾತಾಡಲಿಲ್ಲ. ಚಿಕ್ಕಮ್ಮ ಸೌಟು ಹಿಡಿದು ಅಡುಗೆಮನೆ ಬಾಗಿಲಲ್ಲೇ ನಿಂತು, “ನಿಮ್ಮಪ್ಪನಿಗೆ ಇನ್ನೊಂದು ಸ್ವಲ್ಪ ಸಾರು ಬೇಕಾ ಕೇಳೋ” ಅನ್ನುತ್ತಿದ್ದರು. ನಾಲ್ಕು ಹೆಜ್ಜೆ ದೂರದಲ್ಲಿ ಉಣ್ಣುತ್ತಿದ್ದ ಚಿಕ್ಕಪ್ಪ “ಸಾಕು ಅಂತ ಹೇಳು” ಅನ್ನುತ್ತಿದ್ದರು. ಆ ಒಂದು ಸೌಟು ಸಾರಿನಲ್ಲಿದ್ದ ಸಂಕಟ ಈ ಇಡೀ ಸಿನಿಮಾದಲ್ಲಿ ನನಗೆ ಸಿಗಲಿಲ್ಲ. ಮಾಯಾ ಮನೆ ಒರೆಸುತ್ತಲೇ ಇರುತ್ತಾಳೆ, ದೇವ್ ಎಲ್ಲರ ಮೇಲೂ ಹರಿಹಾಯುತ್ತಾನೆ, ಅಷ್ಟೇ. ತಮ್ಮ ತಮ್ಮ ಮದುವೆ ಉಳಿಸಿಕೊಳ್ಳಲೆಂದು ಜೊತೆಯಾದ ಇಬ್ಬರೂ ಒಬ್ಬರಿಗೊಬ್ಬರು ಮನಸ್ಸು ಕೊಡುತ್ತಾರೆ. ಆ ಪ್ರೀತಿ ಹುಟ್ಟುವ ಗಳಿಗೆಯನ್ನೇ ನುಂಗಿ ನ್ಯೂಯಾರ್ಕ್ ತುಂಬ ಬಣ್ಣ ಬಣ್ಣದ ಸೀರೆ ಹಾರಿಸುತ್ತಾರೆ. ಜಾವೇದ್ ಅಖ್ತರ್ ಸಾಹಿತ್ಯ ಚೆಂದ, ಶಂಕರ್-ಎಹಸಾನ್-ಲಾಯ್ ಸಂಗೀತ ಇನ್ನೂ ಚೆಂದ. ಆದರೆ ಪಾತ್ರಗಳು ಆಡಬೇಕಾದ ಮಾತನ್ನು ಹಾಡು ಆಡಲಾರದು. ನಡುವೆ ಬರುವ ಹಾಸ್ಯವಂತೂ ಸಹಿಸಲಾಗಲಿಲ್ಲ.

ನನ್ನ ಮನಸ್ಸು ಕರಗಿದ್ದು ಮೋಸಹೋದವರಿಗೆ. ವಿಷಯ ಗೊತ್ತಾದಾಗ ಅಭಿಷೇಕ್ ಮುಖದಲ್ಲಿ ಸಿಟ್ಟು ಅವಮಾನ ಎರಡೂ ಒಟ್ಟಿಗೆ ಬರುತ್ತವೆ. ಪೋಷಕ ನಟನೆಗೆ ಸಿಕ್ಕ ಫಿಲ್ಮ್‌ಫೇರ್ ಪ್ರಶಸ್ತಿ ಅವರಿಗೆ ಸಲ್ಲಬೇಕಾದದ್ದೇ. ರಿಯಾಳ ಪಾಲಿಗೆ ಅಷ್ಟು ಜಾಗವನ್ನೂ ಕೊಟ್ಟಿಲ್ಲ.

ಕೊನೆಗೆ ರೈಲ್ವೆ ಸ್ಟೇಷನ್ನಿನಲ್ಲಿ ದೇವ್ ಮತ್ತು ಮಾಯಾ ಒಂದಾದರು. ನನಗೆ ಅಳು ಬರಲಿಲ್ಲ. ದೇವ್‌ನ ಪುಟ್ಟ ಮಗ ಅರ್ಜುನ್ ನೆನಪಾದ. ಅಪ್ಪ ಅಮ್ಮನ ನಡುವೆ ಮಾತು ಹೊತ್ತು ಓಡಾಡುತ್ತಿದ್ದ ಚಿಕ್ಕಮ್ಮನ ಮಗ, ನನ್ನ ತಮ್ಮನಿಗೆ ಆಗ ಅವನಷ್ಟೇ ವಯಸ್ಸು.