ಉದ್ರಿ ಗಿರಾಕಿಯಂಥ ಪ್ರೇಮಿ: ಏಡ್ರಿಯನ್ ಇಂಗ್ಲಿಷ್ ಸರಣಿಯ ಜೊತೆ ಮೂರು ವರ್ಷ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ನನ್ನದೊಂದು ಪುಟ್ಟ ಪುಸ್ತಕದಂಗಡಿ. ಪುಸ್ತಕ ಅಂದರೆ ನೋಟ್‌ಬುಕ್, ಗೈಡ್, ಗ್ರಾಫ್ ಶೀಟ್. ಬೆಳಿಗ್ಗೆ ಶಾಲೆಯ ಮಕ್ಕಳು, ಸಂಜೆ ನಾಲ್ಕಕ್ಕೆ ಮತ್ತೆ ಅದೇ ಮಕ್ಕಳು. ಹನ್ನೊಂದರಿಂದ ಮೂರರವರೆಗೆ ನೊಣ ಹೊಡೆಯುವ ಕೆಲಸ. ಅಗರಬತ್ತಿ ಹಚ್ಚಿ, ಎದುರಿನ ಹೋಟೆಲಿನಿಂದ ಚಹಾ ತರಿಸಿ, ಲೆಕ್ಕದ ಪುಸ್ತಕ ಬಿಡಿಸಿ, ಅದರ ನಡುವೆ ಮೊಬೈಲ್ ಇಟ್ಟುಕೊಂಡು ಓದುತ್ತೇನೆ. ನೋಡಿದವರು ಲೆಕ್ಕ ಬರೆಯುತ್ತಿದ್ದಾನೆ ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ.

ಜಾಶ್ ಲಾನ್ಯನ್ ಬರೆದ ಈ ಪತ್ತೇದಾರಿ ಕಾದಂಬರಿಗಳ ಸರಣಿಯನ್ನು ಹಿಡಿದದ್ದು ಒಂದೇ ಕಾರಣಕ್ಕೆ. ನಾಯಕ ಏಡ್ರಿಯನ್‌ಗೂ (‘ಇಂಗ್ಲಿಷ್’ ಅನ್ನುವುದು ಅವನ ಮನೆತನದ ಹೆಸರು) ಪುಸ್ತಕದಂಗಡಿ ಇದೆ. ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ, ಬರೀ ಪತ್ತೇದಾರಿ ಪುಸ್ತಕಗಳ ಅಂಗಡಿ. ವಾಸ ಅದರ ಮೇಲಿನ ಮಹಡಿಯಲ್ಲಿ. ನನಗೆ ಅಷ್ಟೇ ಸಾಕಿತ್ತು! ಕೊಲೆ ಯಾರು ಮಾಡಿದ್ದು ಎಂಬುದು ನನಗೆ ಯಾವತ್ತೂ ಮುಖ್ಯ ಆಗಲಿಲ್ಲ. ಸ್ಟಾಕ್ ಬಂತಾ, ಇವನು ಹಂತಕನ ಹಿಂದೆ ಓಡುವಾಗ ಅಂಗಡಿ ನೋಡಿಕೊಳ್ಳುವವರು ಯಾರು, ಇದೇ ನನ್ನ ಚಿಂತೆ. ಆಂಗಸ್ ಅಂತ ಒಬ್ಬ ಹುಡುಗ ಇದ್ದಾನೆ. ಅವನನ್ನು ನಂಬಿ ನಾನಾದರೆ ಪೆನ್ಸಿಲ್ ಡಬ್ಬಿಯನ್ನೂ ಬಿಟ್ಟು ಹೋಗುತ್ತಿರಲಿಲ್ಲ.

ಅಂಗಡಿಗಾಗಿ ಒಳಗೆ ಹೋದವನಿಗೆ ಸಿಕ್ಕಿದ್ದು ಜೇಕ್. ಜೇಕ್ ರಿಯೊರ್ಡನ್, ಲಾಸ್ ಏಂಜಲೀಸ್ ಪೊಲೀಸ್ ಡಿಟೆಕ್ಟಿವ್. ಮೊದಲ ಪುಸ್ತಕದಲ್ಲಿ ಕೊಲೆ ತನಿಖೆಗೆ ಬರುತ್ತಾನೆ, ಏಡ್ರಿಯನ್ ಮೇಲೇ ಅನುಮಾನ. ಆಮೇಲೆ ಪ್ರೀತಿ. ಆದರೆ ಠಾಣೆಯಲ್ಲಿ, ಮನೆಯಲ್ಲಿ ಯಾರಿಗೂ ಗೊತ್ತಾಗಬಾರದು. ಜೊತೆಗೆ ಕೇಟ್ ಅಂತ ಒಬ್ಬಳು ಗೆಳತಿ ಬೇರೆ. ತನಗೆ ಬೇಕಾದಾಗ ಬರುತ್ತಾನೆ, ಹೊರಟೇ ಹೋಗುತ್ತಾನೆ.

ನಮ್ಮ ವ್ಯಾಪಾರದಲ್ಲಿ ಇಂಥವರಿಗೆ ಉದ್ರಿ ಗಿರಾಕಿ ಅಂತೀವಿ. ನಗುತ್ತಾ ಬರುತ್ತಾರೆ, ಬೇಕಾದದ್ದು ತಗೊಳ್ತಾರೆ, ‘ಬರೆದಿಟ್ಕೊಳ್ಳಿ’ ಅಂತಾರೆ. ಏಡ್ರಿಯನ್ ಬರೆದಿಟ್ಟುಕೊಳ್ಳುತ್ತಲೇ ಇರುತ್ತಾನೆ. ಬಾಕಿ ಕೇಳುವುದಿಲ್ಲ. ಕೇಳುವ ಬದಲು ಒಂದು ಚುಚ್ಚುಮಾತು, ಒಂದು ಜೋಕು. ಹಳೆಯ ಜ್ವರವೊಂದರಿಂದ ಹೃದಯ ಕೆಟ್ಟು ಮಾತ್ರೆ ನುಂಗುವ ಮನುಷ್ಯ, ಅದೇ ಹೃದಯವನ್ನು ಇಂಥವನಿಗೆ ಉದ್ರಿ ಕೊಡುವುದೆಂದರೆ?

ನಾನು ಕೊಂಡ ರೀತಿಯಿಂದ ಸಿಟ್ಟು ಇನ್ನೂ ಜಾಸ್ತಿಯಾಯಿತು. ಜೂನ್‌ನಲ್ಲಿ ಶಾಲೆ ಶುರುವಾದಾಗ ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತದೆ. ಆಗ ಮೊದಲ ಮೂರನ್ನು ಇ-ಪುಸ್ತಕವಾಗಿ ಒಟ್ಟಿಗೆ ಕೊಂಡೆ. ಮೂರನೆಯದು ಮುಗಿಯುವಾಗ ಕೇಟ್ ಬಸುರಿ, ಜೇಕ್ ಅವಳನ್ನು ಮದುವೆಯಾಗಲು ಹೊರಟಿದ್ದಾನೆ. ಮುಂದಿನ ಪುಸ್ತಕಕ್ಕೆ ದುಡ್ಡಿಲ್ಲ. ಓಣಂ ರಜೆ ಮುಗಿದು ವ್ಯಾಪಾರ ಚೇತರಿಸುವವರೆಗೆ, ಸುಮಾರು ಮೂರು ತಿಂಗಳು, ಹೊರಗೆ ಮಳೆ, ಒಳಗೆ ಜೇಕ್‌ನ ಮೇಲೆ ಕೋಪ. ‘ಪೇನ ಉಂಡೋ?’ (ಪೆನ್ ಇದೆಯಾ?) ಅಂತ ಬಂದ ಮಗುವಿನ ಮೇಲೂ ಒಮ್ಮೆ ರೇಗಿದ್ದೆ. ಪಾಪ.

2006ರಲ್ಲೇ ಮೂರನೆಯದನ್ನು ಓದಿದವರು ನಾಲ್ಕನೆಯದಕ್ಕೆ 2008ರವರೆಗೆ ಕಾದಿದ್ದಾರೆ. ಅವರ ತಾಳ್ಮೆ ನನಗಿಲ್ಲ.

ವಸುಧೇಂದ್ರರ ಕಥಾಸಂಕಲನ ‘ಮೋಹನಸ್ವಾಮಿ’ಯಲ್ಲಿ ನಾಯಕನ ಪ್ರೇಮಿ ಕಾರ್ತಿಕ್ ಮದುವೆಗೆ ಹೊರಟಾಗ ನನಗೆ ಅಳು ಬಂದಿತ್ತು, ಜೇಕ್ ಹೊರಟಾಗ ಯಾಕೆ ಬರೀ ಸಿಟ್ಟು ಅಂತ ಯೋಚಿಸಿದೆ. ಆ ಪುಸ್ತಕ ಬಂದ 2013ರಲ್ಲೇ, ಡಿಸೆಂಬರ್‌ನಲ್ಲಿ, ಸುಪ್ರೀಂ ಕೋರ್ಟ್ ಸಲಿಂಗ ಸಂಬಂಧವನ್ನು ಅಪರಾಧ ಅನ್ನುವ 377ನೇ ಸೆಕ್ಷನ್‌ಗೆ ಮತ್ತೆ ಜೀವ ಕೊಟ್ಟಿತ್ತು. ನಮ್ಮವರ ತಲೆಯ ಮೇಲಿಂದ ಅದು ಇಳಿದದ್ದು 2018ರ ಸೆಪ್ಟೆಂಬರ್ 6ಕ್ಕೆ. ಕ್ಯಾಲಿಫೋರ್ನಿಯಾದಲ್ಲಿ ಅಂಥ ಕಾನೂನು 1976ರಲ್ಲೇ ಹೋಗಿತ್ತು. ಜೇಕ್‌ಗೆ ಜೈಲಿನ ಭಯ ಇರಲಿಲ್ಲ. ಸಹೋದ್ಯೋಗಿಗಳು ಏನಂದುಕೊಳ್ಳುತ್ತಾರೋ ಅನ್ನುವ ಭಯ, ಅಷ್ಟೇ. ಅಷ್ಟೇ ಅಂತ ಮೊಬೈಲನ್ನು ಲೆಕ್ಕದ ಪುಸ್ತಕದೊಳಗೆ ಬಚ್ಚಿಟ್ಟವನು ಬರೆಯುತ್ತಿದ್ದಾನೆ, ಗೊತ್ತು. ನಗಬೇಡಿ.

ನಾಲ್ಕನೆಯದರಲ್ಲಿ ಎರಡು ವರ್ಷ ಕಳೆದಿದೆ. ಕೇಟ್‌ಗೆ ಗರ್ಭ ನಿಲ್ಲಲಿಲ್ಲ, ಮದುವೆ ಮಾತ್ರ ಉಳಿದಿದೆ. ಜೇಕ್‌ಗೆ ಬಡ್ತಿ ಸಿಕ್ಕಿದೆ. ಮತ್ತೆ ಅದೇ ಆಟ ಅಂದುಕೊಂಡೆ. ಆದರೆ ಕೊನೆಗೆ ಇವನು ಎಲ್ಲವನ್ನೂ ಬಾಯಿಬಿಟ್ಟು ಹೇಳಿ, ಪೊಲೀಸ್ ಕೆಲಸವನ್ನೇ ಬಿಟ್ಟ! ಐದನೆಯದರಲ್ಲಿ ಖಾಸಗಿ ಪತ್ತೇದಾರ. ಏಡ್ರಿಯನ್ ಹೃದಯದ ಆಪರೇಷನ್ ಮುಗಿಸಿ ಸುಧಾರಿಸಿಕೊಳ್ಳುತ್ತಿದ್ದಾನೆ. ಅಂಗಡಿ ದೊಡ್ಡದು ಮಾಡಲು ನೆಲ ಅಗೆದರೆ ಅಸ್ಥಿಪಂಜರ. (ನಮ್ಮಲ್ಲಿ ಅಗೆದರೆ ಬರೀ ಮುರಕಲ್ಲು.)

ಈಗ ಜೇಕ್ ಬಾಕಿ ತೀರಿಸಲು ಬಾಗಿಲಲ್ಲಿ ನಿಂತಿದ್ದಾನೆ. ಹಿಂದೆಮುಂದೆ ನೋಡುವವನು ಏಡ್ರಿಯನ್. ಇವನಿಗೇನು ದಾಡಿ ಅಂತ ಮೊದಲ ಓದಿನಲ್ಲಿ ಬೈದೆ. ಎರಡನೇ ಓದಿನ ಹೊತ್ತಿಗೆ ನನ್ನಂಗಡಿಯಲ್ಲೇ ಒಂದು ಘಟನೆ ನಡೆಯಿತು. ಎರಡು ವರ್ಷ ಮುಖ ತಪ್ಪಿಸಿ ಓಡಾಡಿದ ಒಬ್ಬರು ಬಂದು ಪೂರ್ತಿ ಬಾಕಿ ಎಣಿಸಿಟ್ಟರು. ನಾನು ಸಂತೋಷಪಡಬೇಕಲ್ವಾ? ಐನೂರರ ನೋಟನ್ನು ಬೆಳಕಿಗೆ ಹಿಡಿದು ನೋಡಿದೆ. ಅವರ ಎದುರಿಗೇ.

ಅಂದಿನಿಂದ ಏಡ್ರಿಯನ್ ಬಗ್ಗೆ ನನ್ನ ತಕರಾರಿಲ್ಲ. ಜೇಕ್ ಬಗ್ಗೆ ಇದೆ. ಮೂರನೇ ಪುಸ್ತಕಕ್ಕೆ ಈಗಲೂ ಐದರಲ್ಲಿ ಎರಡೇ ನಕ್ಷತ್ರ, ಐದನೆಯದಕ್ಕೆ ನಾಲ್ಕೂವರೆ. ಕೊಳ್ಳುವುದಾದರೆ ಮೂರನೆಯದರ ಜೊತೆಗೇ ನಾಲ್ಕನೆಯದನ್ನೂ ಕೊಳ್ಳಿ, ಸಾಲ ಮಾಡಿಯಾದರೂ.

2017ರಲ್ಲಿ ಇವರಿಬ್ಬರದೇ ಒಂದು ಕ್ರಿಸ್‌ಮಸ್ ಕಥೆ ಬಂದಿದೆ. ಕೊಂಡಿಟ್ಟಿದ್ದೇನೆ, ತೆರೆದಿಲ್ಲ. ಇಬ್ಬರೂ ಸುಖವಾಗಿದ್ದುಬಿಟ್ಟರೆ ಹನ್ನೊಂದರಿಂದ ಮೂರರವರೆಗೆ ನಾನು ಯಾರನ್ನು ಬೈಯಲಿ?